ಇದು ನಮ್ಮ ಬೀರು ಅಲ್ಲ

"ಅದನ್ನ ಆ ಮೇಜಿನ ಮೇಲೆ ಇಡಬೇಡಿ," ಎಂದರು ಸಾವಿತ್ರಿ. "ಗೀರು ಬೀಳುತ್ತೆ."

ಭಾಗ್ಯಶ್ರೀ ಕೈ ತಡೆದಳು. ಕೈಯಲ್ಲಿದ್ದದ್ದು ಅಂಗೈಯಗಲದ ಒಂದು ಸುಟ್ಟ ಹಲಗೆಯ ಚೂರು, ಹಳೇ ಪೇಪರಿನಲ್ಲಿ ಸುತ್ತಿದ್ದು. ಸಾವಿತ್ರಿ ಎದ್ದು ಹೋಗಿ ಒಳಗಿಂದ ಒಂದು ಸ್ಟೀಲ್ ತಟ್ಟೆ ತಂದು ಟೀಪಾಯಿಯ ಮೇಲಿಟ್ಟರು. ಆಮೇಲೆ ಮತ್ತೆ ತಮ್ಮ ಕೆಲಸಕ್ಕೆ ಕೂತರು. ಏನು ತಂದಿದ್ದೀರಿ ಎಂದು ಕೇಳಲಿಲ್ಲ.

ಈ ಮನೆಯ ಯಜಮಾನ ತಿಪ್ಪೇಸ್ವಾಮಿ ಹೋದ ಬೇಸಿಗೆಯ ಒಂದು ಮಧ್ಯಾಹ್ನ ಚಿಕ್ಕ ಕೋಣೆಯೊಳಗೆ ಬೆಂಕಿ ಹೊತ್ತಿ, ಹೊಗೆಗೆ ಉಸಿರು ಕಟ್ಟಿ ಸತ್ತಿದ್ದರು. ಪೊಲೀಸರು ಆಕಸ್ಮಿಕವೆಂದು ಮುಗಿಸಿದ್ದರು. ಮೊದಲ ಹೆಂಡತಿಯ ಮಗಳು ನಿರೀಕ್ಷಾ ಅದನ್ನು ನಂಬದೆ ಭಾಗ್ಯಶ್ರೀಯ ಹತ್ತಿರ ಬಂದಿದ್ದಳು. ಮಲತಾಯಿ ಸಾವಿತ್ರಿಯ ಮೇಲಿನ ಅನುಮಾನವನ್ನು ಅವಳು ಬಾಯಿಬಿಟ್ಟು ಎತ್ತಿರಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ.

ಲಿಫ್ಟು ಕೆಟ್ಟಿತ್ತು. ಮೆಟ್ಟಿಲು ಹತ್ತಿ ಬಂದ ದಣಿವು ಇನ್ನೂ ಭಾಗ್ಯಶ್ರೀಯ ಮೊಣಕಾಲಲ್ಲಿತ್ತು. ಕುರ್ಚಿ ಎಳೆದುಕೊಂಡು ಕೂತಳು. ಕೂತ ಮೇಲೆ ಅದೂ ಹಳೇ ಕಾಲದ ತೇಗದ ಕುರ್ಚಿ ಎಂದು ತಿಳಿದು, ಬೆನ್ನು ಒರಗಿಸಲು ಹಿಂಜರಿದಳು.

"ಒರಗಿಕೊಳ್ಳಿ," ಎಂದರು ಸಾವಿತ್ರಿ, ತಲೆ ಎತ್ತದೆ. "ಕೂತ್ಕೊಳ್ಳೋದಕ್ಕೇ ಮಾಡಿರೋದು. ಎಳೆಯೋವಾಗ ಮಾತ್ರ ಬೆನ್ನು ಹಿಡಿದು ಎಳೀಬಾರದು, ಕೀಲು ಸಡಿಲಾಗುತ್ತೆ. ಸೀಟಿನ ಕೆಳಗೆ ಕೈ ಕೊಟ್ಟು ಎತ್ತಬೇಕು."

ಭಾಗ್ಯಶ್ರೀ ಒರಗಿಕೊಂಡಳು. ವಿಮಾ ಕಂಪನಿಯೊಂದರಲ್ಲಿ ಬೆಂಕಿ ಅನಾಹುತಗಳ ತನಿಖೆ ಮಾಡುತ್ತ ಅವಳ ಅರ್ಧ ಆಯುಷ್ಯ ಕಳೆದಿತ್ತು. ಸನತ್‌ನಗರದ ಕಾರ್ಖಾನೆಗಳು, ಬೇಗಂ ಬಜಾರಿನ ಗೋದಾಮುಗಳು, ಬಡವರ ಅಡುಗೆಮನೆಗಳು. ಕೆಲಸ ಬಿಟ್ಟ ಮೇಲೆ ಖಾಸಗಿಯಾಗಿ ಇಂಥವನ್ನು ಒಪ್ಪಿಕೊಳ್ಳುತ್ತಿದ್ದಳು. ಇತ್ತೀಚೆಗೆ ಅದೂ ಸಾಕೆನಿಸಿತ್ತು. ಸುಟ್ಟ ಮನೆಯ ವಾಸನೆ ಸೀರೆಗೆ ಅಂಟಿದರೆ ತೊಳೆದರೂ ಹೋಗುವುದಿಲ್ಲ. ಅವಳಿಗೆ ಅದು ಗಂಟಲಿಗೇ ಅಂಟಿತ್ತು. ಬೆಳಗ್ಗೆ ಎದ್ದರೆ ಕೆಮ್ಮು.

ಸಾವಿತ್ರಿಯ ಕೈ ನಿಲ್ಲದೆ ಆಡುತ್ತಿತ್ತು. ಅದು ಹಳೇ ಶಹರದ ಯಾವುದೋ ನವಾಬರ ಬಂಗಲೆಯನ್ನು, ದೇವಡಿಯನ್ನು, ಕೆಡವುವಾಗ ತಿಪ್ಪೇಸ್ವಾಮಿ ತಂದಿದ್ದ ಬರೆಯುವ ಮೇಜು. ಮೊದಲು ಹಳೇ ಹತ್ತಿ ಸೀರೆಯ ತುಂಡಿನಿಂದ ಧೂಳು ತೆಗೆದರು. ಒರೆಸಲಿಲ್ಲ, ಎತ್ತಿದರು ಅನ್ನಬೇಕು. ಕೆಳಗೆ ಮೆಟ್ರೋ ಕಂಬಗಳ ನಡುವೆ ಹರಿಯುವ ಕೂಕಟ್‌ಪಲ್ಲಿಯ ಟ್ರಾಫಿಕ್ಕು ದಿನವೂ ಮನೆಯೊಳಗೆ ಕಳಿಸುವ ಧೂಳು ಮರಳಿನಂಥದು. ತಿಕ್ಕಿದರೆ ಪಾಲಿಶ್ ಹೋಗುತ್ತದೆ. ಕೆತ್ತನೆಯ ಸಂದುಗಳಿಗೆ ಕಡ್ಡಿಗೆ ಸುತ್ತಿದ ಅರಿವೆ. ನೀರಿನ ಹನಿಯೂ ಇಲ್ಲ. ಆಮೇಲೆ ಬೆರಳ ತುದಿಯಷ್ಟು ಜೇನುಮೇಣ, ಮರದ ಎಳೆ ಹೋದ ದಿಕ್ಕಿಗೇ, ತೆಳ್ಳಗೆ.

ಆ ಕೈ ನೋಡುತ್ತ ಕೂತರೆ ನಿದ್ದೆ ಬರುವಂತಿತ್ತು. ಭಾಗ್ಯಶ್ರೀ ಕಣ್ಣನ್ನು ಬಾಲ್ಕನಿಯ ಕಡೆ ತಿರುಗಿಸಿದಳು.

ಅಲ್ಲಿ ಹಗ್ಗದ ಮೇಲೆ ಎಣ್ಣೆ ಹಿಡಿದ ಅಂಗೈಯಗಲದ ಚಿಂದಿಗಳು ಒಣಗುತ್ತಿದ್ದವು. ಒಂದರ ಮೇಲೆ ಒಂದಿಲ್ಲ. ಒಂದೊಂದಕ್ಕೂ ಬೇರೆ ಕ್ಲಿಪ್ಪು, ನಡುವೆ ಗಾಳಿಯಾಡಲು ಜಾಗ.

"ಎಣ್ಣಿ ಅರಿವಿ ಯಾವಾಗ್ಲೂ ಹಿಂಗಾ ಹಾಕ್ತೀರೇನ್ರಿ?" ಎಂದು ಕೇಳಿದಳು.

ಸಾವಿತ್ರಿಯ ಕೈ ಒಂದು ಗಳಿಗೆ ನಿಂತಿತು. ಪೊಲೀಸರು ಇದನ್ನು ಕೇಳಿರಲಿಲ್ಲ ಎಂದು ಕಾಣುತ್ತದೆ.

ಮದುವೆಯಾಗಿ ಬಂದ ಹೊಸದರಲ್ಲಿ ಗಂಡ ಹೇಳಿಕೊಟ್ಟ ಮೊದಲ ಪಾಠವೇ ಅದು ಎಂದರು. ಮರಕ್ಕೆ ತಿಕ್ಕುವ ಅಗಸೆ ಎಣ್ಣೆ ಒಣಗುವಾಗ ತನ್ನಷ್ಟಕ್ಕೆ ತಾನೇ ಬಿಸಿಯಾಗುತ್ತದೆ. ಹರವಿ ಹಾಕಿದರೆ ಆ ಬಿಸಿ ಗಾಳಿಗೆ ಹೋಗುತ್ತದೆ. ಉಂಡೆ ಮಾಡಿ ತುರುಕಿದರೆ ಒಳಗೊಳಗೇ ಕುದಿದು, ಕಡ್ಡಿ ಗೀರದೆ ಬೆಂಕಿ ಹತ್ತುತ್ತದೆ. ಚಿತ್ರದುರ್ಗದ ಅಪ್ಪನ ಮನೆಯಲ್ಲಿ ಅಗಸೆಯನ್ನು ಚಟ್ನಿಪುಡಿಗಲ್ಲದೆ ಬೇರೆಯದಕ್ಕೆ ಬಳಸಿದ್ದನ್ನು ಅವರು ಕಂಡಿರಲಿಲ್ಲ, ಕೇಳಿ ನಕ್ಕಿದ್ದರಂತೆ. ಗಂಡ ನಗಲಿಲ್ಲವಂತೆ.

ಭಾಗ್ಯಶ್ರೀಗೆ ಇದೆಲ್ಲ ಗೊತ್ತಿತ್ತು. ಅವಳು ಕೇಳಬೇಕಿದ್ದದ್ದು ಎಣ್ಣೆಯ ಗುಣವನ್ನಲ್ಲ. ಚಿಕ್ಕ ಕೋಣೆಯಲ್ಲಿ, ತಿಪ್ಪೇಸ್ವಾಮಿಯ ಹಳೇ ಬೀರುವಿನ ಪಕ್ಕ, ಮುಚ್ಚಳವಿಲ್ಲದ ಡಬ್ಬಿಯೊಂದರಲ್ಲಿ ಎಣ್ಣೆಚಿಂದಿಗಳ ಉಂಡೆ ಕರಕಲಾಗಿ ಸಿಕ್ಕಿತ್ತು. ಮನೆಯಾಕೆಯ ಮೈಮರೆವು ಎಂದು ಪೊಲೀಸರು ಬಗೆದಿದ್ದರು. ಸಾವಿತ್ರಿ ಆಗ ಅಲ್ಲಗಳೆಯಲಿಲ್ಲ. ಯಾಕೆ?

ಅದನ್ನೇ ಕೇಳಿದಳು.

"ಆಗ ನನಗೆ ಏನೂ ನೆನಪಿರಲಿಲ್ಲ," ಎಂದರು ಸಾವಿತ್ರಿ. "ಅಷ್ಟು ಸುಸ್ತಾಗಿತ್ತು. ನಾನೇ ಇಟ್ಟಿರಬಹುದು ಅಂತ ಅನ್ನಿಸ್ತು. ಆ ದಿನಗಳಲ್ಲಿ ಅನ್ನಕ್ಕೆ ಉಪ್ಪು ಎರಡು ಸಲ ಹಾಕಿದ್ದೂ ಇದೆ."

ಕೊನೆಯ ವರ್ಷ ತಿಪ್ಪೇಸ್ವಾಮಿಗೆ ಮರೆವಿನ ಕಾಯಿಲೆ ಬಲಿತಿತ್ತು. ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ಎಂಜಿನಿಯರಾಗಿದ್ದವರು, ಕೂದಲೆಳೆಯ ಅಳತೆ ತಪ್ಪದ ಮನುಷ್ಯ. ಕಡೆಗೆ ಬಚ್ಚಲು ಯಾವ ಕಡೆ ಎಂದು ಕೇಳುತ್ತಿದ್ದರು. ರಾತ್ರಿ ಮಲಗುತ್ತಿರಲಿಲ್ಲ. ಬಾಗಿಲು ತೆರೆದಿದ್ದರೆ ಕೆಳಗಿಳಿದು ಕಾರ್ಖಾನೆಯ ಬಸ್ಸಿಗೆಂದು ಮೆಟ್ರೋ ಕಂಬದ ಕೆಳಗೆ ನಿಲ್ಲುತ್ತಿದ್ದರು. ಕೊಂಡಾಪುರದಿಂದ ನಿರೀಕ್ಷಾ ಭಾನುವಾರ ಬರುತ್ತಿದ್ದಳು, ಹಣ್ಣು ತರುತ್ತಿದ್ದಳು, ಅತ್ತು ಹೋಗುತ್ತಿದ್ದಳು. ಉಳಿದ ದಿನಗಳೆಲ್ಲ ಸಾವಿತ್ರಿಯವು.

ಭಾಗ್ಯಶ್ರೀ ಪೇಪರು ಬಿಚ್ಚಿ ಹಲಗೆಯ ಚೂರನ್ನು ತಟ್ಟೆಯಲ್ಲಿಟ್ಟಳು.

"ಇದು ಬೀರುವಿನ ಹಿಂದಿನ ಹಲಗಿ. ಮ್ಯಾಲಿಂದ ಸುಟ್ಟೈತಿ, ನಡಬರಕ ಉಳದೈತಿ. ಅಂಚು ನೋಡ್ರಿ."

ಸಾವಿತ್ರಿ ಮೇಣದ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಗ್ಗಿದರು. ಕನ್ನಡಕ ಹಣೆಯ ಮೇಲಿತ್ತು; ಇಳಿಸಿಕೊಂಡರು.

ಅಂಚಿನಲ್ಲಿ ಕರಕಲು ಪದರು ಪದರಾಗಿ ಬಿಚ್ಚಿಕೊಂಡಿತ್ತು, ಬಿಸಿಗೆ ಎದ್ದ ಮೈದಾ ಪರೋಟದ ಹಾಗೆ. ಒಂದು ಪದರದ ಎಳೆ ಉದ್ದಕ್ಕೆ, ಮುಂದಿನದು ಅಡ್ಡಕ್ಕೆ, ಅದರ ಮುಂದಿನದು ಮತ್ತೆ ಉದ್ದಕ್ಕೆ.

ಈ ಮನೆಯಲ್ಲಿ ಇಷ್ಟು ವರ್ಷ ಮರ ಮುಟ್ಟಿ ಬದುಕಿದ ಹೆಂಗಸಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೂ ಅವರು ಬಹಳ ಹೊತ್ತು ನೋಡಿದರು.

"ಪ್ಲೈವುಡ್ಡು," ಎಂದರು ಕಡೆಗೆ.

"ಹೌದ್ರಿ. ನಿಮ್ಮ ಬೀರು ನಿಜಾಮರ ಕಾಲದ್ದು ಅಂತೀರಿ. ಬೀಟಿ ಮರದ್ದು. ಅಂಥಾದಕ್ಕ ಪ್ಲೈವುಡ್ ಎಲ್ಲಿಂದ ಬರಬೇಕು? ಕಾಲಿಂದೊಂದು ತುಂಡೂ ಹೆರದು ನೋಡೀನಿ. ಒಳಗ ಬೆಳ್ಳಗ ಐತಿ, ಮಾವಿನ ಕಟಗಿ. ಮ್ಯಾಲ ಬಣ್ಣ ಕುಡಿಸ್ಯಾರ."

ಒಂದು ಮೆಟ್ರೋ ಗಾಡಿ ಹಾದುಹೋಯಿತು. ಕಿಟಕಿಯ ಗಾಜು ಸಣ್ಣಗೆ ನಡುಗಿ ನಿಂತಿತು.

ಭಾಗ್ಯಶ್ರೀ ಈ ಗಳಿಗೆಗಾಗಿ ಕಾದಿದ್ದಳು. ಬೆಲೆಬಾಳುವ ಬೀರುವನ್ನು ಮಾರಿ, ನಕಲಿಯನ್ನು ತಂದಿಟ್ಟು, ಅದಕ್ಕೆ ಬೆಂಕಿ ಕೊಟ್ಟವರು ಈ ಚೂರು ಕಂಡಾಗ ಏನು ಮಾಡುತ್ತಾರೆಂದು ಅವಳಿಗೆ ಗೊತ್ತಿತ್ತು. ಸಿಟ್ಟಾಗುತ್ತಾರೆ. ಇಲ್ಲವೆ ತಕ್ಷಣ ಒಂದು ಕಾರಣ ಕೊಡುತ್ತಾರೆ. ಇಂಥ ಮುಖಗಳನ್ನು ಅವಳು ಸಾಕಷ್ಟು ನೋಡಿದ್ದಳು.

ಸಾವಿತ್ರಿ ಎರಡೂ ಮಾಡಲಿಲ್ಲ. ನೆಲದ ಮೇಲೆ ಕೂತುಬಿಟ್ಟರು, ಕಾಲು ಮಡಿಸಿ, ಗೋಡೆಗೆ ಒರಗಿ. ತುಂಬ ದೂರ ನಡೆದು ಬಂದವರು ಕೂರುವ ಹಾಗೆ.

"ನಮ್ಮ ಯಜಮಾನ್ರು ಹೇಳಿದ್ರು," ಎಂದರು.



ಸಾವಿತ್ರಿ ಹೇಳಿದ್ದು ತುಂಡು ತುಂಡಾಗಿ ಬಂತು, ಜೋಡಿಸಿದರೆ ಇಷ್ಟು. ಯುಗಾದಿಗೆ ಮುಂಚೆ ಬೀರುವಿನ ಕಾಲ ಬುಡದಲ್ಲಿ ಸಣ್ಣ ತೂತುಗಳು ಕಂಡವು, ನೆಲದ ಮೇಲೆ ಜರಡಿ ಹಿಡಿದಂಥ ಹಿಟ್ಟು. ಹುಳ ಬಿದ್ದಿತ್ತು. ತಿಪ್ಪೇಸ್ವಾಮಿ ಸರಿ ಇದ್ದಿದ್ದರೆ ಸೂಜಿ ಹಿಡಿದು ಒಂದೊಂದು ತೂತಿಗೂ ಔಷಧ ಬಿಡುತ್ತಿದ್ದರು. ಸಾವಿತ್ರಿಗೆ ಅಷ್ಟು ಬಿಡುವಿರಲಿಲ್ಲ. ನಿರೀಕ್ಷಾ ತನಗೆ ಗೊತ್ತಿರುವ ಒಬ್ಬನನ್ನು ಕರೆತಂದಳು, ಯಶವಂತ ಎಂದು. ಸನತ್‌ನಗರದ ಕೈಗಾರಿಕಾ ಎಸ್ಟೇಟಿನಲ್ಲಿ ಹಳೇ ಪೀಠೋಪಕರಣ ರಿಪೇರಿ ಮಾಡುವ ಶೆಡ್ಡು ಅವನದು. ನಾಲ್ಕು ಹಮಾಲರ ಕೈಲಿ ಬೀರು ಹೊರಿಸಿಕೊಂಡು ಹೋದ. ಹಬ್ಬ ಕಳೆದ ಮೇಲೆ ತಂದು ಅದೇ ಜಾಗದಲ್ಲಿ ನಿಲ್ಲಿಸಿದ. ಕೆತ್ತನೆ ಅದೇ, ಎತ್ತರ ಅದೇ, ಹಿತ್ತಾಳೆ ಹಿಡಿ ಅವೇ. ಎಣ್ಣೆಯ ಬಾಟಲಿಯೊಂದನ್ನೂ ಬಿಟ್ಟು ಹೋದ, ವಾರಕ್ಕೊಮ್ಮೆ ತಿಕ್ಕಿ ಎಂದು.

"ಅವತ್ತೇ ಇವರು ಹೋಗಿ ಬಾಗಿಲು ತೆಗೆದು, ಒಳಗೆ ಮುಖ ಇಟ್ಟು ಮೂಸಿದ್ರು," ಎಂದರು ಸಾವಿತ್ರಿ. "ಬೀಟೆಗೆ ಒಂದು ವಾಸನೆ ಇರುತ್ತೆ, ಎಷ್ಟು ಹಳೇದಾದ್ರೂ ಮುಚ್ಚಿಟ್ಟ ಒಳಗೆ ಉಳಿದಿರುತ್ತೆ. ಮೂಸಿ ನನ್ನ ಕಡೆ ತಿರುಗಿ, ಇದು ನಮ್ಮ ಬೀರು ಅಲ್ಲ ಅಂದ್ರು."

ಆಮೇಲೆ ಅದೊಂದೇ ಮಾತು. ಊಟಕ್ಕೆ ಕೂತರೆ ಅದೇ, ಸ್ನಾನಕ್ಕೆ ಕರೆದರೆ ಅದೇ. ಬೀರುವನ್ನು ಗೋಡೆಯಿಂದ ಎಳೆಯಲು ಹೋಗುತ್ತಿದ್ದರು, ಉಗುರಲ್ಲಿ ಕೆರೆಯುತ್ತಿದ್ದರು. ಪಕ್ಕದ ಫ್ಲಾಟಿನವರಿಗೆ, ಹಾಲು ಹಾಕುವವನಿಗೆ, ಭಾನುವಾರ ಬಂದ ಮಗಳಿಗೆ, ಎಲ್ಲರಿಗೂ ಹೇಳಿದರು. ಎಲ್ಲರೂ ಹೌದು ಹೌದು ಎಂದು ತಲೆಯಾಡಿಸಿದರು.

"ನೀವು ನಂಬ್ಲಿಲ್ಲ," ಎಂದಳು ಭಾಗ್ಯಶ್ರೀ. ಅದನ್ನು ಆರೋಪದಂತೆ ಹೇಳಲು ಹೊರಟಿದ್ದಳು. ಹೇಳುವಷ್ಟರಲ್ಲಿ ದನಿ ಇಳಿದಿತ್ತು.

"ಅವರು ಇನ್ನೊಂದು ಮಾತೂ ಹೇಳ್ತಿದ್ರು. ಇವಳು ನನ್ನ ಹೆಂಡತಿ ಅಲ್ಲ ಅಂತ." ಸಾವಿತ್ರಿ ತಮ್ಮ ಕೈ ನೋಡಿಕೊಂಡರು. "ಒಂದೇ ಉಸಿರಲ್ಲಿ ಎರಡನ್ನೂ. ಇದು ನಮ್ಮ ಬೀರು ಅಲ್ಲ, ಇವಳು ನನ್ನ ಹೆಂಡತಿ ಅಲ್ಲ. ಅದರಲ್ಲಿ ಒಂದು ಸುಳ್ಳು ಅಂತ ನನಗೆ ಗೊತ್ತಿತ್ತಲ್ಲ. ಇನ್ನೊಂದೂ ಹಂಗೇ ಅಂದ್ಕೊಂಡೆ."

ಅವರು ಅಳಲಿಲ್ಲ. ಕಣ್ಣು ಒಣಗಿತ್ತು. ಎದ್ದು ಹೋಗಿ ನೀರು ತಂದುಕೊಡಬೇಕು ಎಂದು ಭಾಗ್ಯಶ್ರೀಗೆ ಅನಿಸಿತು. ಏಳಲಿಲ್ಲ. ಬೇರೆಯವರ ಮನೆಯಲ್ಲಿ, ಬೇರೆಯವರ ದುಃಖದ ನಡುವೆ ಲೋಟ ಎಲ್ಲಿದೆ ಎಂದು ಹುಡುಕಿ ಹುಡುಕಿ ಅವಳಿಗೆ ಸಾಕಾಗಿತ್ತು.

ಅವಳ ತಲೆಯಲ್ಲಿ ಬೇರೊಂದು ಮಾತು ಓಡುತ್ತಿತ್ತು. ನಿರೀಕ್ಷಾ ಮೂರು ಸಲ ಅವಳೆದುರು ಕೂತು ಮಾತಾಡಿದ್ದಳು. ಅಪ್ಪನ ಬಗ್ಗೆ, ಮಲತಾಯಿಯ ಮೌನದ ಬಗ್ಗೆ, ಎಣ್ಣೆಚಿಂದಿಯ ಡಬ್ಬಿಯ ಬಗ್ಗೆ. ತಾನೇ ಕರೆತಂದ ಯಶವಂತನ ಹೆಸರು ಒಂದು ಸಲವೂ ಬಂದಿರಲಿಲ್ಲ.

"ಇನ್ನೇನಾರ ಐತೇನ್ರಿ ಹೇಳೂದು?" ಎಂದು ಕೇಳಿದಳು.

ಕೇಳುವಾಗ ಅವಳಿಗೆ ಏನೂ ನಿರೀಕ್ಷೆ ಇರಲಿಲ್ಲ. ತನಿಖೆಯ ಕೊನೆಗೆ ಅಭ್ಯಾಸಬಲದಿಂದ ಕೇಳುವ ಪ್ರಶ್ನೆ. ಆದರೆ ಸಾವಿತ್ರಿ ಮುಖ ಎತ್ತಿದ ರೀತಿಗೆ, ಈ ಪ್ರಶ್ನೆಯನ್ನು ಯಾರಾದರೂ ಕೇಳಲೆಂದು ಅವರು ಬೇಸಿಗೆಯಿಂದ ಕಾದಿದ್ದರು ಅನಿಸಿತು.

"ಚಿಲಕ ಹಾಕಿದ್ದೆ," ಎಂದರು.

"ಯಾವ ಚಿಲಕ?"

"ಆ ಕೋಣೆದು. ಹೊರಗಿಂದ." ಸಾವಿತ್ರಿ ಮಾತಿಗೆ ತಡವರಿಸಲಿಲ್ಲ. ಎಷ್ಟೋ ಸಲ ತಮಗೆ ತಾವೇ ಹೇಳಿಕೊಂಡಿದ್ದ ಮಾತಿನಂತೆ ಸಲೀಸಾಗಿ ಬಂತು. "ಮಧ್ಯಾಹ್ನ ಊಟ ಮಾಡಿಸಿ, ಒಳಗೆ ಕೂರಿಸಿ, ಚಿಲಕ ಹಾಕಿ ಮಲಗ್ತಿದ್ದೆ. ದಿನಾ ಅಲ್ಲ. ಆಗದೇ ಇದ್ದಾಗ. ಅರ್ಧ ಗಂಟೆ ಕಣ್ಣು ಮುಚ್ಚಿದ್ರೆ ಸಾಕಿತ್ತು. ಅವತ್ತೂ ಹಾಕಿದ್ದೆ. ಹೊಗೆ ವಾಸನೆಗೆ ಎಚ್ಚರ ಆಯ್ತು. ಓಡಿ ಬಂದೆ, ಬಾಗಿಲು ಎಳೆದೆ, ತೆಗೀತು. ಅವರು ಬೀರುಗೆ ಒರಗಿ ಬಿದ್ದಿದ್ರು. ಚಿಲಕ ತೆಗೆದದ್ದು ನನಗೆ ನೆನಪಿಲ್ಲ. ತೆಗೆದೇ ಇರಬೇಕಲ್ಲ."

ಪೊಲೀಸರು ಕೇಳಿದಾಗ ಬಾಗಿಲು ಚಿಲಕವಿಲ್ಲದೆ ಸುಮ್ಮನೆ ಮುಂದೆ ಮಾಡಿತ್ತು ಎಂದಿದ್ದರು. ಆಮೇಲೆ ಅದನ್ನು ತಿದ್ದುವ ಧೈರ್ಯ ಬರಲಿಲ್ಲ. ಮನುಷ್ಯ ಬಾಗಿಲು ಬಡಿದಿರಬಹುದು, ಕೂಗಿರಬಹುದು. ಈ ಯೋಚನೆಯ ಜೊತೆ ಅವರು ಅಡುಗೆ ಮಾಡಿದ್ದರು, ಕುರ್ಚಿ ಮೇಜುಗಳಿಗೆ ಮೇಣ ತಿಕ್ಕಿದ್ದರು. ಗಂಡನಿಗೆ ಇಷ್ಟವಾದದ್ದನ್ನಾದರೂ ಸರಿಯಾಗಿ ನೋಡಿಕೊಳ್ಳೋಣ ಎಂದು.

ಭಾಗ್ಯಶ್ರೀ ಎದ್ದಳು. ಮೊಣಕಾಲು ಚಳಕು ಹೊಡೆಯಿತು.

ಚಿಕ್ಕ ಕೋಣೆ ನಡುಮನೆಯಿಂದ ಒಳಗೆ ಹೋಗುವ ಓಣಿಯಂಥ ಹಾದಿಯ ತುದಿಯಲ್ಲಿತ್ತು. ಅವಳು ಅಲ್ಲಿಗೆ ಮೊದಲೂ ಬಂದಿದ್ದಳು. ನೆಲ, ಗೋಡೆ, ಸೂರು, ಕಿಟಕಿ ಎಲ್ಲ ನೋಡಿದ್ದಳು. ಬಾಗಿಲಿನ ಒಳಮುಖವನ್ನೂ ನೋಡಿದ್ದಳು, ಕರಕಲಾಗಿ ಬಿರುಕುಬಿಟ್ಟದ್ದು. ಹೊರಮುಖ ನೋಡಿರಲಿಲ್ಲ. ಅದು ಓಣಿಯ ಕಡೆಗೆ ತೆರೆಯುವ ಬಾಗಿಲು. ಆ ದಿನ ಓಡಿಬಂದ ಜನ ಪೂರ್ತಿ ಹಿಂದಕ್ಕೆ ನೂಕಿದಾಗಿನಿಂದ ಹಿಮ್ಮುಖವಾಗಿ ಗೋಡೆಗೆ ಒತ್ತಿ ನಿಂತಿತ್ತು, ಅದರ ಕೆಳಗೆ ಒಂದು ಇಟ್ಟಿಗೆ. ಯಾರೂ ಮುಚ್ಚಿರಲಿಲ್ಲ. ಚಿಲಕದ ಮಾತೇ ಬರದಿದ್ದಾಗ ಯಾರಾದರೂ ಯಾಕೆ ಮುಚ್ಚಿ ನೋಡುತ್ತಾರೆ?

ಇಟ್ಟಿಗೆಯನ್ನು ಕಾಲಲ್ಲಿ ಸರಿಸಿದಳು. ಬಾಗಿಲು ಊದಿಕೊಂಡಿತ್ತು, ನೆಲಕ್ಕೆ ಉಜ್ಜುತ್ತ ಬಂತು. ಅರ್ಧ ಮುಚ್ಚಿ, ಫೋನಿನ ಟಾರ್ಚ್ ಹಿಡಿದಳು.

ಮುಚ್ಚಿದ ಬಾಗಿಲ ಸಂದಿಯಿಂದ ಸೋರಿದ ಹೊಗೆ ಹೊರಮುಖದ ಮೇಲ್ಭಾಗವನ್ನೆಲ್ಲ ಕಂದು ಮಾಡಿತ್ತು. ಬಿಳೀ ಪೇಂಟಿನ ಮೇಲೆ ಚಹಾ ಚೆಲ್ಲಿ ಒಣಗಿದ ಬಣ್ಣ. ಚಿಲಕ ಇದ್ದದ್ದೂ ಮೇಲೆಯೇ: ಹಿತ್ತಾಳೆಯದು, ಹಳೇದು, ಸರಳನ್ನು ಮೇಲಕ್ಕೆ ನೂಕಿ ಚೌಕಟ್ಟಿನ ತೂತಿಗೆ ಸೇರಿಸುವಂಥದು. ಈಗ ಕೆಳಗಿಳಿದಿತ್ತು.

ಸೆರಗಿನ ತುದಿಯಿಂದ ಹಿಡಿದು ಮೆಲ್ಲಗೆ ಸರಳನ್ನು ಮೇಲಕ್ಕೆ ಸರಿಸಿದಳು.

ಕೆಳಗೆ ಅದರ ಹಿಡಿ ಇದ್ದ ಜಾಗದಲ್ಲಿ, ಕಂದು ಬಣ್ಣದ ನಡುವೆ, ಹಿಡಿಯದೇ ಆಕಾರದ ಒಂದು ಬಿಳೀ ಕಲೆ ಉಳಿದಿತ್ತು. ಸ್ವಚ್ಛ ಬಿಳಿ. ಹೊಗೆ ಬಡಿಯುವ ಹೊತ್ತಿಗೆ ಹಿಡಿ ಅಲ್ಲಿ ಅಡ್ಡ ಇತ್ತು. ಮೇಲೆ, ಚಿಲಕ ಹಾಕಿದಾಗ ಹಿಡಿ ನಿಲ್ಲುವ ಜಾಗ, ಸುತ್ತಲಿನಷ್ಟೇ ಕಂದಾಗಿತ್ತು. ಚೌಕಟ್ಟಿನ ತೂತಿಗೆ ಕಿರುಬೆರಳು ತೂರಿಸಿದಳು. ಮಸಿ ಹತ್ತಿತು.

ಇಂಥ ಕಲೆ ಒಂದು ಗಳಿಗೆಯಲ್ಲಿ ಮೂಡುವುದಿಲ್ಲ. ಬಾಗಿಲು ಮುಚ್ಚಿ, ಒಳಗೆ ಬೆಂಕಿ ಉರಿದು, ಹೊಗೆ ತಾಳ್ಮೆಯಿಂದ ಸೋರಬೇಕು. ಅವಳು ಇನ್ನೊಮ್ಮೆ ನೋಡಿದಳು. ತಪ್ಪು ನೋಡುತ್ತಿದ್ದರೆ ಚೆನ್ನಾಗಿತ್ತು ಎನ್ನುವಷ್ಟು ಆಯಾಸವಾಗಿತ್ತು. ತಪ್ಪಿರಲಿಲ್ಲ.

"ಸಾವಿತ್ರಿ ಅವ್ರೇ, ಇಲ್ಲಿ ಬರ್ರಿ."

ಅವರು ಗೋಡೆ ಹಿಡಿದು ಬಂದರು. ಆ ಬಾಗಿಲನ್ನು ಅವರು ನೋಡದೆ ಎಷ್ಟು ತಿಂಗಳಾಗಿತ್ತೋ. ಮುಂದೆ ಬರಲಾರದೆ ಓಣಿಯ ನಡುವೆಯೇ ನಿಂತರು. ಭಾಗ್ಯಶ್ರೀ ಟಾರ್ಚಿನ ಬೆಳಕನ್ನು ಬಿಳೀ ಕಲೆಯ ಮೇಲೆ ಹಿಡಿದು, ಅದರ ಅರ್ಥವನ್ನು ನಿಧಾನವಾಗಿ ಬಿಡಿಸಿ ಹೇಳಿದಳು. ಚಿಲಕ ಹಾಕಿದ್ದರೆ ಈ ಜಾಗ ಕಂದಾಗಿರುತ್ತಿತ್ತು. ತೂತಿನೊಳಗೆ ಮಸಿ ಹೋಗುತ್ತಿರಲಿಲ್ಲ. ಬೆಂಕಿ ಉರಿಯುವಷ್ಟು ಹೊತ್ತೂ ಈ ಚಿಲಕ ಇಳಿದೇ ಇತ್ತು.

"ನೀವು ಹಾಕಿದ್ದು ಖರೆ," ಎಂದಳು. "ತಗದವ್ರು ನೀವಲ್ಲ. ನೀವು ಮಲಗಿದ ಮ್ಯಾಲ, ಬೆಂಕಿ ಹತ್ತೂಕಿಂತ ಮೊದ್ಲ, ಯಾರೋ ಇಲ್ಲಿ ಬಂದು ಚಿಲಕ ತಗದಾರ. ನಿಮ್ಮ ಕೈಯಿಂದ ಏನೂ ಆಗಿಲ್ರಿ."

ಕಡೆಯ ಮಾತನ್ನು ಅವಳು ಹೇಳಬೇಕಿರಲಿಲ್ಲ. ತನಿಖೆ ಮಾಡುವವರು ಹೇಳುವ ಮಾತಲ್ಲ ಅದು. ಆದರೂ ಹೇಳಿದಳು, ಆ ಮುಖ ಹಗುರಾಗುವುದನ್ನು ನೋಡಲೆಂದು.

ಮುಖ ಹಗುರಾಗಲಿಲ್ಲ. ಸಾವಿತ್ರಿ ಒಂದು ಹೆಜ್ಜೆ ಮುಂದೆ ಬಂದರು. ಇನ್ನೊಂದು. ಬಿಳೀ ಕಲೆಯ ಮೇಲೆ ಬೆರಳಿಟ್ಟರು, ಮೇಜಿನ ಮೇಲೆ ಇಡುತ್ತಿದ್ದಷ್ಟೇ ಮೃದುವಾಗಿ. ಆಮೇಲೆ ಭಾಗ್ಯಶ್ರೀಯ ಕಡೆ ತಿರುಗಿದರು.

"ಚಿಲಕ ತೆಗೆದೇ ಇತ್ತು ಅಂದ್ರೆ," ಎಂದರು, "ಅವರು ಯಾಕೆ ಹೊರಗೆ ಬರಲಿಲ್ಲ?"